ದೀಪ ಬದಲಾಯಿಸಿದ ಮೇಲೆ: ಮನೆಯ ವಿದ್ಯುತ್ ಜೋಡಣೆಯಲ್ಲಿ ದೋಷ ಹುಡುಕುವ ಕ್ರಮ

ಬೆಳಗಾವಿ ಜಿಲ್ಲೆಯ ಈ ಭಾಗಕ್ಕೆ ಯಂತ್ರಶಕ್ತಿಯ ಪರಿಚಯ ಹೊಸದಲ್ಲ. ಘಟಪ್ರಭಾ ನದಿಯು ಗೋಕಾಕದ ಬಳಿ ಧುಮ್ಮಿಕ್ಕುವ ಸ್ಥಳದಲ್ಲಿ ನೀರಿನ ಬಲವನ್ನು ನೂಲಿನ ಗಿರಣಿಗೆ ಹೂಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ನಡೆದಿತ್ತು. ಆದರೆ ಗಿರಣಿಯ ಬಾಗಿಲಿಗೆ ಬಂದ ಶಕ್ತಿಯು ರೈತನ ಪಡಸಾಲೆಯನ್ನು ಬೆಳಗುವುದಕ್ಕೆ ಬಹುಕಾಲ ಹಿಡಿಯಿತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು, ದೇಶದಲ್ಲಿ ಮೊಟ್ಟಮೊದಲು ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಬೆಲ್ಲದ ಬಾಗೇವಾಡಿಯನ್ನೊಳಗೊಂಡ ಹುಕ್ಕೇರಿ ತಾಲೂಕಿನಲ್ಲಿ ಹಳ್ಳಿಹಳ್ಳಿಗೆ ಬೆಳಕನ್ನು ಒಯ್ದ ಶ್ರೇಯಸ್ಸು ಈ ಸಂಘಕ್ಕೆ ಸಲ್ಲುತ್ತದೆ.

ಸಂಘದ ತಂತಿಯು ಮೀಟರಿನವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಒಳಗಿನ ತಂತಿಯ ಯೋಗಕ್ಷೇಮ ಮನೆಯವರದು. ಈ ಒಳಗಿನ ಜೋಡಣೆಗೆ ಕೈ ಹಚ್ಚುವ ಪ್ರಸಂಗ ಮನೆಯವರಿಗೆ ಹೆಚ್ಚಾಗಿ ಒದಗುವುದು ದೀಪ ಬದಲಾಯಿಸುವಾಗ. ತಂತುವಿನ ಬಲ್ಬು ಹೋಗಿ ಟ್ಯೂಬ್‌ಲೈಟು ಬಂದಿತು, ಅದು ಹೋಗಿ ಸಿ.ಎಫ್.ಎಲ್. ಬಂದಿತು, 2015ರ ನಂತರ ಸರ್ಕಾರದ ಯೋಜನೆಗಳ ಮೂಲಕ ಎಲ್.ಇ.ಡಿ. ದೀಪಗಳು ಹಳ್ಳಿಯ ಮನೆಗಳಲ್ಲಿಯೂ ತುಂಬಿದವು. ಬಲ್ಬನ್ನಷ್ಟೇ ಬದಲಿಸಿದರೆ ತೊಡಕಿಲ್ಲ. ಹೋಲ್ಡರನ್ನೋ ಪಟ್ಟಿಯನ್ನೋ ಬಿಚ್ಚಿ ಹೊಸ ದೀಪದ ಸಾಧನವನ್ನು ಕೂಡಿಸಿದಾಗ ಮಾತ್ರ ಸಮಸ್ಯೆಗಳು ಹುಟ್ಟುತ್ತವೆ. ಹೊಸ ದೀಪ ಹತ್ತುವುದಿಲ್ಲ, ಇಲ್ಲವೆ ಆರುವುದೇ ಇಲ್ಲ. ಪಡಸಾಲೆಯಲ್ಲಿ ದೀಪ ಹತ್ತಿದೊಡನೆ ಅಡಿಗೆಮನೆ ಕತ್ತಲಾಗುತ್ತದೆ. ಇಂಥ ದೋಷಗಳು ಮಾಯೆಯೂ ಅಲ್ಲ, ದೀಪದ ಕಂಪನಿಯ ತಪ್ಪೂ ಅಲ್ಲ. ಬದಲಾವಣೆಗೆ ಮೊದಲು ಎಲ್ಲವೂ ಸರಿಯಾಗಿತ್ತೆಂದರೆ, ದೋಷವಿರುವುದು ಬಹುಮಟ್ಟಿಗೆ ಕೈ ಆಡಿದ ಜಾಗದಲ್ಲಿಯೇ. ಅದನ್ನು ತರ್ಕದಿಂದ ಹುಡುಕಬೇಕೇ ಹೊರತು ತಂತಿಗಳನ್ನು ಅದಲುಬದಲು ಮಾಡಿ ನೋಡಬಾರದು. ಏಕೆಂದರೆ ಇಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣವೂ ಆಗಬಹುದು.

ಹೋಗುವ ದಾರಿ, ಮರಳುವ ದಾರಿ

ಮನೆಗೆ ಬರುವ ತಂತಿಗಳು ಎರಡು. ಒಂದು ಫೇಜ್, ಇನ್ನೊಂದು ನ್ಯೂಟ್ರಲ್. ಇವುಗಳ ನಡುವಿನ ವಿಭವಾಂತರ ಸುಮಾರು 230 ವೋಲ್ಟ್. ವಿದ್ಯುತ್ಪ್ರವಾಹಕ್ಕೆ ಫೇಜ್ ಹೋಗುವ ದಾರಿ, ನ್ಯೂಟ್ರಲ್ ಮರಳುವ ದಾರಿ ಎಂದು ಪಾಠಕ್ಕಾಗಿ ಹೇಳಬಹುದು. ಪ್ರವಾಹವು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವುದು ನಿಜವಾದರೂ, ಮಂಡಲ ಪೂರ್ಣವಾಗದೆ ಅದು ಹರಿಯದೆಂಬ ನಿಯಮಕ್ಕೆ ಅದರಿಂದ ಬಾಧೆಯಿಲ್ಲ. ಫೇಜ್ ತಂತಿಯು ಫ್ಯೂಜನ್ನು ದಾಟಿ ಸ್ವಿಚ್ಚಿಗೆ ಬಂದು, ಸ್ವಿಚ್ಚಿನಿಂದ ದೀಪಕ್ಕೆ ಹೋಗುತ್ತದೆ. ದೀಪದ ಇನ್ನೊಂದು ತುದಿಯಿಂದ ನ್ಯೂಟ್ರಲ್ ಮರಳುತ್ತದೆ. ಮೂರನೆಯದಾದ ಅರ್ಥ್ ತಂತಿಯು ಮನೆಯ ಅಂಗಳದಲ್ಲಿ ಹುಗಿದ ಅರ್ಥಿಂಗಿನಿಂದ ಬರುತ್ತದೆ. ಎಲ್ಲವೂ ನೆಟ್ಟಗಿರುವಾಗ ಅದಕ್ಕೆ ಕೆಲಸವಿಲ್ಲ. ಕೆಟ್ಟ ಹೊತ್ತಿನಲ್ಲಿ ಪ್ರವಾಹವನ್ನು ನೆಲಕ್ಕೆ ಒಯ್ಯುವುದು ಅದರ ಧರ್ಮ.

ಸ್ವಿಚ್ಚು ಯಾವಾಗಲೂ ಫೇಜ್ ತಂತಿಯಲ್ಲಿಯೇ ಇರತಕ್ಕದ್ದು. ಅದನ್ನು ನ್ಯೂಟ್ರಲ್ ತಂತಿಯಲ್ಲಿ ಇರಿಸಿದರೂ ದೀಪ ಹತ್ತುತ್ತದೆ, ಆರುತ್ತದೆ. ಆದರೆ ದೀಪ ಆರಿದಾಗಲೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದುಕೊಂಡೇ ಇರುತ್ತದೆ. ಸ್ವಿಚ್ಚು ಆರಿಸಿದೆನೆಂಬ ನಂಬಿಕೆಯಿಂದ ಬಲ್ಬು ತೆಗೆಯಲು ಹೋದವನ ಬೆರಳಿಗೆ ಅದು ಸಿಕ್ಕುತ್ತದೆ.

ಫ್ಯೂಜ್ ಇದೆಯಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. 60 ವ್ಯಾಟಿನ ಒಂದು ದೀಪದಲ್ಲಿ ಹರಿಯುವ ಪ್ರವಾಹ ಸುಮಾರು 260 ಮಿಲಿಆಂಪಿಯರ್. ಮನುಷ್ಯನ ಕೈಯ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದಂತಾಗಲು 10 ಮಿಲಿಆಂಪಿಯರ್‌ಗಿಂತ ತುಸು ಹೆಚ್ಚಾದರೆ ಸಾಕು. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಹರಿದರೆ ಹೃದಯದ ಬಡಿತ ಕೆಡಬಹುದು. ಮನೆಯ ದೀಪದ ಫ್ಯೂಜ್ ಸಾಮಾನ್ಯವಾಗಿ 5 ಆಂಪಿಯರಿನದು, ಅಂದರೆ 5000 ಮಿಲಿಆಂಪಿಯರ್. ಫ್ಯೂಜ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲೆಂದು ಬಂದ ಸಾಧನ ಆರ್.ಸಿ.ಸಿ.ಬಿ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ, ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿದು ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ.

ಸೀಲಿಂಗ್ ರೋಜಿನೊಳಗಿನ ಗಂಟು

ದೀಪವೊಂದಕ್ಕೆ ಎರಡು ತಂತಿ ಸಾಕೆಂದು ತಿಳಿದವನು ಹಳೆಯ ಸೀಲಿಂಗ್ ರೋಜಿನ ಮುಚ್ಚಳ ತೆಗೆದಾಗ ಮೂರು, ನಾಲ್ಕು, ಕೆಲವೊಮ್ಮೆ ಆರು ತಂತಿಗಳನ್ನು ಕಂಡು ಬೆರಗಾಗುತ್ತಾನೆ. ತೊಡಕಿನ ಮೂಲ ಇಲ್ಲಿದೆ. ಪ್ರತಿ ದೀಪಕ್ಕೂ ಮೇನ್‌ನಿಂದ ಬೇರೆ ತಂತಿ ಎಳೆದರೆ ಖರ್ಚು ಬಹಳ. ಆದುದರಿಂದ ಒಂದು ದೀಪದ ಜಾಗದಿಂದ ಇನ್ನೊಂದಕ್ಕೆ ತಂತಿಯನ್ನು ಮುಂದುವರಿಸುತ್ತಾರೆ. ಇದಕ್ಕೆ ಲೂಪ್ ಹಾಕುವುದು ಎನ್ನುತ್ತಾರೆ.

ಲೂಪಿನಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಫೇಜ್ ಲೂಪು ಸ್ವಿಚ್‌ಬೋರ್ಡಿನಲ್ಲಿರುತ್ತದೆ, ನ್ಯೂಟ್ರಲ್ ಮಾತ್ರ ದೀಪದಿಂದ ದೀಪಕ್ಕೆ ಸಾಗುತ್ತದೆ. ಆಗ ರೋಜಿನ ಒಂದು ಸ್ಕ್ರೂವಿನಲ್ಲಿ ಸ್ವಿಚ್ಚಿನಿಂದ ಬಂದ ಒಂಟಿ ತಂತಿಯೂ, ಇನ್ನೊಂದರಲ್ಲಿ ಬಂದ ನ್ಯೂಟ್ರಲ್ ಮತ್ತು ಮುಂದಿನ ಕೋಣೆಗೆ ಹೋಗುವ ನ್ಯೂಟ್ರಲ್ ಜೊತೆಯಾಗಿಯೂ ಇರುತ್ತವೆ. ಎರಡನೆಯದರಲ್ಲಿ ಫೇಜ್ ಸಹ ರೋಜಿಗೆ ಬಂದು ಮುಂದೆ ಹೋಗುತ್ತದೆ. ಅಲ್ಲಿಂದ ಒಂದು ಜೋಡಿ ತಂತಿ ಸ್ವಿಚ್ಚಿಗೆ ಇಳಿಯುತ್ತದೆ. ಒಂದು ಫೇಜನ್ನು ಕೆಳಗೆ ಒಯ್ಯುತ್ತದೆ, ಮತ್ತೊಂದು ಸ್ವಿಚ್ಚು ಒತ್ತಿದಾಗ ಅದನ್ನು ಮೇಲೆ ತರುತ್ತದೆ. ಮೂರು ಕಡ್ಡಿಗಳಿರುವ ರೋಜು ಇಂಥ ಜೋಡಣೆಗಾಗಿಯೇ ಇರುವುದು.

ಹೊಸ ಎಲ್.ಇ.ಡಿ. ಸಾಧನಕ್ಕೆ ಇರುವವು ಎರಡೇ ತಂತಿಗಳು. ರೋಜನ್ನು ಕಿತ್ತು ಬಿಸಾಡಿದಾಗ, ಅದು ಇಷ್ಟು ದಿನ ಕೂಡಿಸಿ ಹಿಡಿದಿದ್ದ ಲೂಪೂ ಬಿಚ್ಚಿಹೋಗುತ್ತದೆ. ದೀಪ ಬದಲಾಯಿಸಿದ ಮೇಲೆ ಕಾಣುವ ದೋಷಗಳಲ್ಲಿ ಬಹುಪಾಲಿನ ಕಾರಣ ಇದೊಂದೇ.

ಮುಟ್ಟುವ ಮೊದಲು

ಸ್ವಿಚ್ಚು ಆರಿಸಿದರೆ ಸಾಲದು, ಮೇನ್ ಸ್ವಿಚ್ಚನ್ನೇ ತೆಗೆಯಬೇಕು. ಫ್ಯೂಜಿನ ಕಟ್‌ಔಟನ್ನು ಕಿತ್ತು ಕೆಲಸ ಮಾಡುವವನು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳುವ ಹಳೆಯ ವೈರ್‌ಮನ್‌ಗಳ ಪದ್ಧತಿ ಇಂದಿಗೂ ಮಾದರಿಯಾದುದು. ಬೇರೊಬ್ಬರು ತಿಳಿಯದೆ ಮೇನ್ ಹಾಕುವ ಭಯ ಅದರಿಂದ ತಪ್ಪುತ್ತದೆ.

ಕರೆಂಟು ಹೋದ ಸಮಯ ನೋಡಿ ಕೆಲಸಕ್ಕೆ ಕೈ ಹಾಕುವುದು ಅತ್ಯಂತ ಅಪಾಯಕರ. ಹೋದ ಕರೆಂಟು ಯಾರನ್ನೂ ಕೇಳಿ ಮರಳುವುದಿಲ್ಲ. ಇಂದು ಅನೇಕ ಮನೆಗಳಲ್ಲಿ ಇನ್ವರ್ಟರ್ ಇದೆ. ಮೇನ್ ತೆಗೆದೊಡನೆ ಅದು ಬ್ಯಾಟರಿಯಿಂದ ದೀಪದ ತಂತಿಗಳಿಗೆ ಅದೇ 230 ವೋಲ್ಟನ್ನು ಕೊಡತೊಡಗುತ್ತದೆ. ಆದುದರಿಂದ ಇನ್ವರ್ಟರನ್ನು ಆರಿಸುವುದಷ್ಟೇ ಅಲ್ಲದೆ, ಅದರ ಹೊರದಾರಿಯನ್ನೂ ಮಂಡಲದಿಂದ ಬೇರ್ಪಡಿಸಬೇಕು.

ಬಳಿಕ ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಸಿದ್ಧಪಡಿಸಿಕೊಳ್ಳಬೇಕು. ಇದಕ್ಕೆ ಮೂರು ಹೆಜ್ಜೆ. ಕರೆಂಟು ಇರುವಾಗಲೇ ಒಂದು ಸಾಕೆಟ್ಟಿನಲ್ಲಿ ಟೆಸ್ಟರ್ ಹೊಳೆಯುವುದನ್ನು ನೋಡಿಕೊಳ್ಳುವುದು ಮೊದಲನೆಯದು. ಮೇನ್ ತೆಗೆದ ಮೇಲೆ ಕೆಲಸ ಮಾಡಬೇಕಾದ ಒಂದೊಂದು ತಂತಿಗೂ ಅದನ್ನು ಹಚ್ಚುವುದು ಎರಡನೆಯದು. ಖಚಿತವಾಗಿ ಕರೆಂಟು ಇರುವ ಕಡೆ, ಉದಾಹರಣೆಗೆ ನೆರೆಮನೆಯ ಸಾಕೆಟ್ಟಿನಲ್ಲಿ, ಟೆಸ್ಟರ್ ಇನ್ನೂ ಕೆಲಸ ಮಾಡುತ್ತಿದೆಯೆಂದು ಮತ್ತೊಮ್ಮೆ ನೋಡುವುದು ಮೂರನೆಯದು. ಕೆಟ್ಟ ಟೆಸ್ಟರಿಗೆ ಜೀವಂತ ತಂತಿಯೂ ಸತ್ತ ತಂತಿಯಂತೆಯೇ ಕಾಣುತ್ತದೆ.

ಹಳೆಯ ಸಾಧನವನ್ನು ಬಿಚ್ಚುವ ಮುನ್ನ ಯಾವ ತಂತಿ ಯಾವ ಸ್ಕ್ರೂವಿನಲ್ಲಿತ್ತೆಂಬುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು, ಅಥವಾ ಫೋನಿನಲ್ಲಿ ಚಿತ್ರ ತೆಗೆದಿಡಬೇಕು. ಒಂದೇ ಸ್ಕ್ರೂವಿನಲ್ಲಿದ್ದ ತಂತಿಗಳನ್ನು ಒಂದೇ ಪಟ್ಟಿಯಿಂದ ಸುತ್ತಿ ಗುರುತು ಮಾಡಬೇಕು. ಈ ಐದು ನಿಮಿಷದ ಕೆಲಸ ಮುಂದಿನ ಅರ್ಧ ದಿನದ ಹುಡುಕಾಟವನ್ನು ತಪ್ಪಿಸುತ್ತದೆ.

ಲಕ್ಷಣಗಳು ಮತ್ತು ಕಾರಣಗಳು

1. ಹೊಸ ದೀಪವೊಂದೇ ಹತ್ತುವುದಿಲ್ಲ, ಉಳಿದವು ಸರಿಯಾಗಿವೆ. ಮೊದಲು ದೀಪವನ್ನೇ ಪರೀಕ್ಷಿಸಬೇಕು. ಬಲ್ಬಾದರೆ ಬೇರೆ ಹೋಲ್ಡರಿನಲ್ಲಿ ಹಾಕಿ ನೋಡಬಹುದು. ಅದು ಸರಿಯಿದ್ದರೆ ಮೇನ್ ತೆಗೆದು ಜೋಡಣೆಯನ್ನು ನೋಡಬೇಕು. ಸ್ಕ್ರೂವಿನ ಕೆಳಗೆ ತಾಮ್ರದ ಬದಲು ತಂತಿಯ ಸಿಪ್ಪೆ ಸಿಕ್ಕಿಕೊಂಡಿರುವುದು, ಹೋಲ್ಡರಿನೊಳಗಿನ ಸ್ಪ್ರಿಂಗಿನ ಮೊಳೆ ಒಳಗೆ ಕಚ್ಚಿಕೊಂಡು ಬಲ್ಬಿಗೆ ತಾಗದಿರುವುದು, ಸಿಪ್ಪೆಯೊಳಗೇ ತಂತಿ ಮುರಿದಿರುವುದು ಸಾಮಾನ್ಯ ಕಾರಣಗಳು.

2. ಹೊಸ ದೀಪ ಹತ್ತುತ್ತದೆ, ಮುಂದಿನ ಕೋಣೆಗಳು ಕತ್ತಲು. ಇದು ನ್ಯೂಟ್ರಲ್ ಲೂಪು ಕಡಿದ ಲಕ್ಷಣ. ಬಂದ ನ್ಯೂಟ್ರಲನ್ನು ದೀಪಕ್ಕೆ ಕೂಡಿಸಿ, ಮುಂದೆ ಹೋಗುವುದನ್ನು ಹಾಗೆಯೇ ಬಿಟ್ಟಿರುತ್ತಾರೆ. ಈ ದೋಷದಲ್ಲಿ ಟೆಸ್ಟರ್ ವಿಚಿತ್ರವಾದ ಸಾಕ್ಷ್ಯ ಹೇಳುತ್ತದೆ. ಕತ್ತಲ ಕೋಣೆಯ ಸ್ವಿಚ್ಚು ಒತ್ತಿ ಹೋಲ್ಡರನ್ನು ಪರೀಕ್ಷಿಸಿದರೆ ಎರಡೂ ತುದಿಗಳಲ್ಲಿ ಟೆಸ್ಟರ್ ಹೊಳೆಯುವುದುಂಟು. ಎರಡು ಕಡೆ ಕರೆಂಟು ಇದ್ದೂ ದೀಪ ಹತ್ತದಿರುವುದೇಕೆಂದು ನೋಡುವವನು ತಬ್ಬಿಬ್ಬಾಗುತ್ತಾನೆ. ಆ ಕಡಿದ ತಂತಿಗೆ ಕೂಡಿದ ಬೇರೊಂದು ದೀಪದ ಮೂಲಕ ಫೇಜ್ ದಾಟಿಬಂದು, ಮರಳಲು ದಾರಿಯಿಲ್ಲದೆ ನ್ಯೂಟ್ರಲ್ ತಂತಿಯಲ್ಲಿಯೇ ನಿಂತಿರುತ್ತದೆ. ಆಗ ನ್ಯೂಟ್ರಲ್ ಎಂದು ಕರೆಯುವ ಆ ಕಪ್ಪು ತಂತಿಯೂ ಫೇಜಿನಷ್ಟೇ ಅಪಾಯಕಾರಿ. ಅದನ್ನು ಹಿಡಿದು ಬರಿಗಾಲಿನಲ್ಲಿ ನಿಂತವನ ದೇಹವೇ ಮರಳುವ ದಾರಿಯಾಗುತ್ತದೆ. ಪರಿಹಾರ ಸರಳವಾದುದು: ಮೇನ್ ತೆಗೆದು, ಎರಡು ನ್ಯೂಟ್ರಲುಗಳನ್ನೂ ದೀಪದ ನ್ಯೂಟ್ರಲ್ ತಂತಿಯನ್ನೂ ಒಂದೇ ಕನೆಕ್ಟರಿನಲ್ಲಿ ಬಿಗಿಯಾಗಿ ಕೂಡಿಸುವುದು.

3. ಫ್ಯೂಜ್ ಹೋಗುತ್ತದೆ, ಅಥವಾ ಎಂ.ಸಿ.ಬಿ. ಬೀಳುತ್ತದೆ. ಯಾವಾಗ ಬೀಳುತ್ತದೆಂಬುದನ್ನು ಗಮನಿಸಬೇಕು. ಮೇನ್ ಹಾಕಿದೊಡನೆ ಬಿದ್ದರೆ, ಸದಾ ಜೀವಂತವಾಗಿರುವ ಫೇಜ್ ತಂತಿಯು ನ್ಯೂಟ್ರಲಿಗೋ ಅರ್ಥಿಗೋ ತಾಗಿದೆಯೆಂದು ಅರ್ಥ. ದೀಪದ ಸ್ವಿಚ್ಚು ಒತ್ತಿದಾಗ ಮಾತ್ರ ಬಿದ್ದರೆ, ಸ್ವಿಚ್ಚಿನಿಂದ ಮರಳಿಬಂದ ತಂತಿಯನ್ನು ನ್ಯೂಟ್ರಲುಗಳ ಗುಂಪಿನಲ್ಲಿ ಕಟ್ಟಲಾಗಿದೆ. ಮೂರು ಕಪ್ಪು ತಂತಿಗಳನ್ನು ಕಂಡು, ಕಪ್ಪೆಲ್ಲ ನ್ಯೂಟ್ರಲೇ ಎಂದು ಕೂಡಿಸಿದಲ್ಲಿ ಆಗುವುದು ಇದೇ. ಹೋದ ಫ್ಯೂಜಿಗೆ ದಪ್ಪ ತಂತಿ ಕಟ್ಟುವುದು ಪರಿಹಾರವಲ್ಲ. ಅದು ಗೋಡೆಯೊಳಗಿನ ತಂತಿಯನ್ನೇ ಫ್ಯೂಜಾಗಿ ಮಾಡಿದಂತೆ. ತೊಲೆಜಂತಿಯ ಮನೆಯಲ್ಲಿ ಅದರ ಫಲ ಬೆಂಕಿ.

4. ದೀಪ ಆರುವುದೇ ಇಲ್ಲ. ಸ್ವಿಚ್ಚಿಗೆ ಹೋಗಿಬರಬೇಕಾದ ಫೇಜನ್ನು ನೇರವಾಗಿ ದೀಪಕ್ಕೆ ಕೊಡಲಾಗಿದೆ. ಎರಡನೆಯ ಬಗೆಯ ಲೂಪಿನಲ್ಲಿ ಈ ತಪ್ಪು ಆಗುವುದು ಸಹಜ.

5. ಆರಿಸಿದ ಮೇಲೂ ಎಲ್.ಇ.ಡಿ. ಮಿಣಿಮಿಣಿ ಎನ್ನುತ್ತದೆ. ಹಳೆಯ ಬಲ್ಬಿನ ತಂತು ಕಾಯಲು ಸಾಕಷ್ಟು ಪ್ರವಾಹ ಬೇಕಿತ್ತು. ಎಲ್.ಇ.ಡಿ.ಯು ಅತ್ಯಲ್ಪ ಪ್ರವಾಹಕ್ಕೂ ಮಿನುಗುತ್ತದೆ. ಹೀಗಾಗಿ ಮೊದಲಿನಿಂದಲೂ ಇದ್ದ ದೋಷ ಈಗ ಕಣ್ಣಿಗೆ ಕಾಣುತ್ತದೆ. ಸ್ವಿಚ್ಚು ನ್ಯೂಟ್ರಲಿನಲ್ಲಿದೆಯೇ ಎಂದು ಮೊದಲು ನೋಡಿಸಬೇಕು. ಅದಿಲ್ಲವಾದರೆ ಸ್ವಿಚ್ಚಿನಲ್ಲಿಯ ಸಣ್ಣ ಕೆಂಪು ಸೂಚಕದೀಪವೋ, ಜೀವಂತ ತಂತಿಯೊಡನೆ ಬಹುದೂರ ಒಂದೇ ಪೈಪಿನಲ್ಲಿ ಸಾಗಿದ ತಂತಿಯಲ್ಲಿ ಹುಟ್ಟುವ ಪ್ರೇರಿತ ವಿದ್ಯುತ್ತೋ ಕಾರಣವಾಗಿರುತ್ತದೆ. ಈ ಎರಡರಿಂದ ಅಪಾಯವಿಲ್ಲ.

6. ದೀಪ ಮಂಕಾಗಿ ಉರಿಯುತ್ತದೆ, ಇನ್ನೊಂದು ದೀಪ ಹಾಕಿದರೆ ಬದಲಾಗುತ್ತದೆ. ಎರಡು ದೀಪಗಳು ಸಮಾಂತರವಾಗಿರದೆ ಸರಣಿಯಲ್ಲಿ ಕೂಡಿವೆ. 230 ವೋಲ್ಟನ್ನು ಎರಡೂ ಹಂಚಿಕೊಳ್ಳುತ್ತಿವೆ. ಆದರೆ ಮನೆಯ ಎಲ್ಲ ದೀಪಗಳೂ ಒಮ್ಮೆಲೆ ಮಂಕಾದರೆ ಅಥವಾ ಅತಿಯಾಗಿ ಪ್ರಜ್ವಲಿಸಿದರೆ, ದೋಷವಿರುವುದು ಹೊಸ ದೀಪದಲ್ಲಿ ಅಲ್ಲ. ಕಂಬದಲ್ಲಿಯೋ ಮೀಟರಿನ ಬಳಿಯಲ್ಲಿಯೋ ನ್ಯೂಟ್ರಲ್ ಸಡಿಲವಾಗಿರಬಹುದು. ಕೂಡಲೇ ಮೇನ್ ತೆಗೆದು ವಿದ್ಯುತ್ ಕಚೇರಿಗೆ ತಿಳಿಸಬೇಕು.

7. ದೀಪ ಮಿಟುಕುತ್ತದೆ, ಜೋಡಣೆಯಲ್ಲಿ ಚಟಚಟ ಸದ್ದಾಗುತ್ತದೆ. ಇದು ಸಡಿಲ ಸಂಪರ್ಕ. ಸಡಿಲವಾದಲ್ಲಿ ಕಿಡಿ, ಕಿಡಿಯಿದ್ದಲ್ಲಿ ಕಾವು. ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯಿರುವುದುಂಟು. ಅದಕ್ಕೆ ಹೊಸ ಸಾಧನದ ತಾಮ್ರದ ತಂತಿಯನ್ನು ಹೊಸೆದು ಟೇಪು ಸುತ್ತಿದರೆ, ಕೆಲವು ಮಳೆಗಾಲ ಕಳೆಯುವುದರೊಳಗೆ ಆ ಗಂಟು ಕಿಲುಬು ಹಿಡಿದು ಸಡಿಲಾಗುತ್ತದೆ. ಎರಡು ಲೋಹಗಳಿಗೂ ಒಗ್ಗುವ ಸ್ಕ್ರೂ ಕನೆಕ್ಟರನ್ನೇ ಬಳಸತಕ್ಕದ್ದು.

8. ದೀಪದ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಇದನ್ನು ಅಲಕ್ಷ್ಯ ಮಾಡಲೇಬಾರದು. ಬಿಗಿಯುವಾಗ ತಂತಿಯ ಸಿಪ್ಪೆ ಹರಿದು ಲೋಹಕ್ಕೆ ತಾಗಿರಬಹುದು. ಅರ್ಥ್ ತಂತಿ ಇಲ್ಲದಿರುವುದರಿಂದ ಆ ವಿದ್ಯುತ್ತು ಮನುಷ್ಯನಿಗಾಗಿ ಕಾದಿರುತ್ತದೆ. ಹಸಿರು ತಂತಿಯನ್ನು ಅನವಶ್ಯಕವೆಂದು ಕತ್ತರಿಸಿ ಬಿಡುವುದು ಈ ಕೆಲಸದಲ್ಲಿ ಕಂಡುಬರುವ ಅತಿ ದೊಡ್ಡ ಅಪರಾಧ.

9. ಆರ್.ಸಿ.ಸಿ.ಬಿ. ಮತ್ತೆಮತ್ತೆ ಬೀಳುತ್ತದೆ. ನ್ಯೂಟ್ರಲ್ ಎಲ್ಲಿಯೋ ಅರ್ಥಿಗೆ ತಾಗಿದೆ, ಅಥವಾ ಹೊಸ ದೀಪಕ್ಕೆ ಬೇರೊಂದು ಮಂಡಲದ ನ್ಯೂಟ್ರಲನ್ನು ಕೊಡಲಾಗಿದೆ. ಹೋದ ದಾರಿಯಲ್ಲಿ ಮರಳದ ಪ್ರವಾಹವನ್ನು ಅದು ಸೋರಿಕೆಯೆಂದೇ ಎಣಿಸುತ್ತದೆ. ಸಾಧನ ಕೆಟ್ಟಿದೆಯೆಂದು ಅದನ್ನು ತೆಗೆದುಹಾಕುವುದು ಕಾವಲುಗಾರನನ್ನು ಓಡಿಸಿದಂತೆ.

ಹಳೆಯ ಟ್ಯೂಬ್‌ಲೈಟ್ ಪಟ್ಟಿಗೆ ಎಲ್.ಇ.ಡಿ. ಕೊಳವೆ ಹಾಕುವಾಗ ಇನ್ನೊಂದು ಎಚ್ಚರ ಅಗತ್ಯ. ಕೆಲವು ಕೊಳವೆಗಳಿಗೆ ಫೇಜ್ ಮತ್ತು ನ್ಯೂಟ್ರಲ್ ಎರಡೂ ಒಂದೇ ತುದಿಯಲ್ಲಿ, ಕೆಲವಕ್ಕೆ ಒಂದೊಂದು ತುದಿಯಲ್ಲಿ ಒಂದೊಂದು. ಚೋಕು ಮತ್ತು ಸ್ಟಾರ್ಟರನ್ನು ತೆಗೆಯಬೇಕೋ ಬಿಡಬೇಕೋ ಎಂಬುದು ಕೊಳವೆಯ ಬಗೆಯನ್ನು ಅವಲಂಬಿಸಿದೆ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಓದದೆ ಮುಂದುವರಿಯಬಾರದು.

ಬಣ್ಣವನ್ನು ನಂಬುವುದೆಷ್ಟು?

ನಮ್ಮ ದೇಶದ ಮನೆಗಳ ರೂಢಿಯಲ್ಲಿ ಕೆಂಪು ಫೇಜ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಮೂರು ಫೇಜಿನ ಸಂಪರ್ಕವಿರುವಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಜುಗಳೇ. ಆದರೆ ಹೊಸ ಸಾಧನದ ಸಣ್ಣ ತಂತಿಗಳಲ್ಲಿ ಕಂದು ಫೇಜ್, ನೀಲಿ ನ್ಯೂಟ್ರಲ್, ಹಳದಿಹಸಿರು ಪಟ್ಟೆಯದು ಅರ್ಥ್. ಗೋಡೆಯಿಂದ ಬಂದ ನೀಲಿ ತಂತಿಯನ್ನು ಸಾಧನದ ನೀಲಿ ತಂತಿಗೆ ಬಣ್ಣ ನೋಡಿ ಕೂಡಿಸಿದರೆ, ಫೇಜನ್ನೇ ನ್ಯೂಟ್ರಲ್ ತುದಿಗೆ ಕೊಟ್ಟಂತಾಗಬಹುದು. ಇನ್ನು ಎಷ್ಟೋ ಮನೆಗಳಲ್ಲಿ ಅಂದು ಸಿಕ್ಕ ಒಂದೇ ಬಣ್ಣದ ತಂತಿಯಿಂದ ಇಡೀ ಮನೆಯ ಕೆಲಸ ಮುಗಿದಿರುತ್ತದೆ. ಬಣ್ಣ ಒಂದು ಸೂಚನೆ ಮಾತ್ರ. ಪರೀಕ್ಷೆಯೊಂದೇ ಪ್ರಮಾಣ.

ಎಲ್ಲಿ ನಿಲ್ಲಬೇಕು

ಮನೆಯವರು ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದಕ್ಕೆ ಕಾನೂನೂ ಗೆರೆ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 45ನೆಯ ನಿಯಮವು ವಿದ್ಯುತ್ ಜೋಡಣೆಯ ಕೆಲಸವನ್ನು ಲೈಸೆನ್ಸು ಪಡೆದ ಗುತ್ತಿಗೆದಾರರಿಗೂ ಪ್ರಮಾಣಪತ್ರವುಳ್ಳವರಿಗೂ ಮೀಸಲಿರಿಸಿತು. ದೀಪ, ಫ್ಯಾನು, ಫ್ಯೂಜ್, ಸ್ವಿಚ್ಚು ಮೊದಲಾದವುಗಳನ್ನು ಜೋಡಣೆಯ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಬದಲಾಯಿಸುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಬಂದಾಗಲೂ ಈ ತತ್ತ್ವ ಉಳಿಯಿತು. ವ್ಯವಹಾರದಲ್ಲಿ ಇದರ ಅರ್ಥವಿಷ್ಟು: ಇದ್ದ ತಂತಿಗಳಿಗೆ ಇದ್ದಂತೆಯೇ ಹೊಸ ದೀಪವನ್ನು ಕೂಡಿಸಬಹುದು. ಹೊಸ ತಂತಿ ಎಳೆಯುವುದು, ಲೂಪನ್ನು ಬೇರೆ ಕಡೆಗೆ ತಿರುಗಿಸುವುದು, ಕರೆಂಟು ಇರುವಾಗ ಟೆಸ್ಟ್‌ಲ್ಯಾಂಪು ಹಿಡಿದು ಹುಡುಕುವುದು ವೈರ್‌ಮನ್‌ನ ಕೆಲಸ. ಒಮ್ಮೆ ಸರಿಪಡಿಸಿದ ಮೇಲೂ ಫ್ಯೂಜ್ ಹೋದರೆ, ಸುಟ್ಟ ವಾಸನೆ ಬಂದರೆ, ಮೈ ಜುಮ್ಮೆಂದರೆ, ಮೇನ್ ತೆಗೆದು ಅವನನ್ನು ಕರೆಯುವುದೇ ವಿವೇಕ.

ಶಾಲೆಯಲ್ಲಿ ಈ ಪಾಠ

ವಿದ್ಯುನ್ಮಂಡಲದ ಪಾಠವನ್ನು ಶಿಕ್ಷಕರು ಕರಿಹಲಗೆಯ ಮೇಲೆ ಬರೆದು ಮುಗಿಸದೆ, ಟಾರ್ಚಿನ ಮೂರು ಸೆಲ್ಲುಗಳಿಂದ ಯಾವ ಅಪಾಯವೂ ಇಲ್ಲದೆ ಮಾಡಿ ತೋರಿಸಬಹುದು. ಮನೆಯ ವಿದ್ಯುತ್ತನ್ನು ಇದಕ್ಕೆ ಸರ್ವಥಾ ಬಳಸಕೂಡದು. ಒಂದು ಹಲಗೆಯ ಮೇಲೆ ಟಾರ್ಚಿನ ಮೂರು ಬಲ್ಬುಗಳನ್ನು ಸಮಾಂತರವಾಗಿ ಕೂಡಿಸಿ, ಒಂದೊಂದಕ್ಕೂ ಒಂದು ಸ್ವಿಚ್ಚು ಇಡಬೇಕು. ಮರಳುವ ತಂತಿಯು ಬ್ಯಾಟರಿಯಿಂದ ಮೊದಲನೆಯ ಬಲ್ಬಿಗೆ, ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಲೂಪಾಗಿ ಹೋಗಲಿ. ಮೂರನ್ನೂ ಹೊತ್ತಿಸಿ, ಮೊದಲನೆಯ ಮತ್ತು ಎರಡನೆಯ ಬಲ್ಬಿನ ನಡುವಣ ಲೂಪನ್ನು ಬಿಚ್ಚಿದರೆ, ಮೊದಲನೆಯದು ಉರಿಯುತ್ತಲೇ ಇದ್ದು ಉಳಿದೆರಡು ಆರುತ್ತವೆ. ಪಡಸಾಲೆ ಬೆಳಗಿ ಅಡಿಗೆಮನೆ ಕತ್ತಲಾದುದು ಏಕೆಂಬುದು ಮಕ್ಕಳಿಗೆ ಆಗಲೇ ತಿಳಿಯುತ್ತದೆ.

ಪಾಠದ ತಿರುಳು ಇನ್ನೂ ಮುಂದಿದೆ. ಕಡಿದ ಆ ತಂತಿಯನ್ನು ಮುಟ್ಟಿದರೆ ಏನಾದೀತೆಂದು ಮಕ್ಕಳನ್ನು ಕೇಳಬೇಕು. ಏನೂ ಆಗದು, ದೀಪವೇ ಆರಿದೆಯಲ್ಲ ಎಂಬ ಉತ್ತರ ಬರುವುದು ಸ್ವಾಭಾವಿಕ. ಆಗ ಎರಡನೆಯ ಬಲ್ಬಿನ ಸ್ವಿಚ್ಚನ್ನು ಹಾಕಿಯೇ ಇಟ್ಟು, ನಾಲ್ಕನೆಯದೊಂದು ಬಲ್ಬಿನ ಒಂದು ತುದಿಯನ್ನು ಕಡಿದ ತಂತಿಗೂ ಮತ್ತೊಂದು ತುದಿಯನ್ನು ಬ್ಯಾಟರಿಯ ಮರಳುವ ತುದಿಗೂ ಹಚ್ಚಬೇಕು. ಆರಿದ್ದ ಎರಡನೆಯ ಬಲ್ಬೂ ನಾಲ್ಕನೆಯ ಬಲ್ಬೂ ಜೊತೆಯಾಗಿ ಮಂಕಾಗಿ ಹೊತ್ತುತ್ತವೆ. ಸತ್ತಿದೆಯೆಂದು ತಿಳಿದ ತಂತಿಯಲ್ಲಿ ಜೀವವಿತ್ತು, ದಾರಿಯೊಂದೇ ಇರಲಿಲ್ಲ. ಆ ನಾಲ್ಕನೆಯ ಬಲ್ಬಿನ ಜಾಗದಲ್ಲಿ ಮನೆಯಲ್ಲಿ ನಿಂತಿರುವವನು ಮನುಷ್ಯ.

ಈ ಒಂದು ಪ್ರಯೋಗವನ್ನು ಕಣ್ಣಾರೆ ಕಂಡ ಬಾಲಕ ಬಾಲಕಿಯರು ಮುಂದೆ ಇಂಜಿನಿಯರರಾಗಲಿ, ಕಬ್ಬಿನ ತೋಟ ನೋಡಿಕೊಳ್ಳಲಿ, ಮನೆಯಲ್ಲಿ ದೀಪ ಬದಲಾಯಿಸುವ ಮುನ್ನ ಮೇನ್ ತೆಗೆಯಲು ಮರೆಯಲಾರರು. ಶಾಲೆಯ ಪ್ರಯೋಗಶಾಲೆಗೆ ಇದಕ್ಕೆ ತಗಲುವ ವೆಚ್ಚ ಅಲ್ಪ. ಹಲಗೆ, ನಾಲ್ಕು ಬಲ್ಬು, ಮೂರು ಸೆಲ್ಲು, ನಾಲ್ಕು ಮೊಳ ತಂತಿ ಇದ್ದರೆ ಸಾಕು. ಅದರಿಂದ ಉಳಿಯುವುದು ಒಂದು ಜೀವವಾದರೂ, ಆ ವೆಚ್ಚ ಸಾರ್ಥಕ.